ಮೂಗರ್ಜಿ

ಎಡಗೈ ಹೆಬ್ಬೆರಳಿನ ಉಗುರುಸುತ್ತು ವಾಸಿಯಾಗಿ ಎರಡು ದಿನವಾಗಿದ್ದರೂ ಪುಟ್ಟಮಾದಪ್ಪ ಅದನ್ನು ಮತ್ತೆ ಮತ್ತೆ ಒತ್ತಿ ನೋಡಿಕೊಳ್ಳುತ್ತಿದ್ದ. ನೋವಿರಲಿಲ್ಲ. ಕೊಳ್ಳೇಗಾಲದ ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ, ತನ್ನ ಇಳಿಜಾರು ಪೆಟ್ಟಿಗೆಯ ಮುಂದೆ ಕೂತು, ಯಾರದೋ ಕ್ರಯಪತ್ರಕ್ಕೆ ಬಲಗೈಯಲ್ಲಿ ಚೆಕ್ಕುಬಂದಿ ಬರೆಯುತ್ತಿದ್ದ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಕೆಂಪಾಜಮ್ಮನ ಹಿತ್ತಿಲು. ಬಲಗೈ ತನ್ನಷ್ಟಕ್ಕೆ ತಾನು ಬರೆಯುತ್ತಿತ್ತು; ಇಪ್ಪತ್ತೆರಡು ವರ್ಷದಿಂದ ಅದಕ್ಕೆ ಅಭ್ಯಾಸವಾಗಿತ್ತು, ಅವನು ಜೊತೆಗಿರಬೇಕಾದ ಅಗತ್ಯವೂ ಇರಲಿಲ್ಲ. ಮನಸ್ಸೆಲ್ಲ ಎಡಗೈಯಲ್ಲಿತ್ತು. ಎರಡು ತಿಂಗಳಿಂದ ಅದು ಒಂದಕ್ಷರ ಬರೆದಿರಲಿಲ್ಲ. ಹೊತ್ತು ಹೊತ್ತಿಗೆ ಉಂಡರೂ ಹಸಿದವನ ಹಾಗೆ ಹೊಟ್ಟೆಯೊಳಗೆ ಒಂದು ಟೊಳ್ಳು ಕೂತಿತ್ತು. ಈ ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂರಬೇಕು. ಬರೆಯುವ ವಿಷಯ ಸಿದ್ಧವಾಗಿತ್ತು: ಮುಳ್ಳೂರಿನ ಪಂಚಾಯ್ತಿ ಪ್ರೆಸಿಡೆಂಟ್ ರುದ್ರಸ್ವಾಮಿಯವರು ಹೊಳೆದಾರಿಯ ಗೋಮಾಳದಲ್ಲಿ ತಮ್ಮ ದನಗಳನ್ನು ಬಿಟ್ಟು ಬೇರೆಯವರ ದನಗಳಿಗೆ ಜಾಗವಿಲ್ಲದಂತೆ ಮಾಡಿರುತ್ತಾರೆ. ಅದು ನಿಜವಲ್ಲ. ಪೂರಾ ಸುಳ್ಳೂ ಅಲ್ಲ; ರುದ್ರಸ್ವಾಮಿಗೆ ದನ ಬಹಳ ಇದ್ದವು, ಗೋಮಾಳ ಸಣ್ಣದು. ನಿಜಕ್ಕೂ ಸುಳ್ಳಿಗೂ ನಡುವಿನ ಆ ಇಕ್ಕಟ್ಟು ಜಾಗದಲ್ಲಿ ಮಾತ್ರ ಪುಟ್ಟಮಾದಪ್ಪನಿಗೆ ಉಸಿರು ಸರಾಗವಾಗಿ ಆಡುತ್ತಿತ್ತು.

ಜಗಲಿಯ ಕೆಳಗೆ ಗಾಡಿ ನಿಂತ ಸದ್ದಾಯಿತು. ರುದ್ರಸ್ವಾಮಿಯ ಆಳು ದೊಡ್ಡಮಾದಯ್ಯ, ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದ.

“ಪುಟ್ಮಾದಪ್ನೋರೇ, ಬುದ್ದಿಯೋರು ಕರೀತಾವ್ರೆ. ಪೆನ್ನು, ಒಳ್ಳೆ ಕಾಗ್ದ ತಕಂಡು ಈಗ್ಲೇ ಬರಬೇಕಂತೆ.”

“ಯಾವ ಬುದ್ದಿಯೋರು?”

“ಮುಳ್ಳೂರಲ್ಲಿ ಎಷ್ಟು ಜನ ಬುದ್ದಿಯೋರವ್ರೆ ಸಾ? ಗಾಡಿ ಕಟ್ಕಂಡೇ ಬಂದಿವ್ನಿ.”

“ಯಾತಕ್ಕಂತೆ?”

“ನಂಗೇಳ್ತಾರಾ? ಅದೇನೋ ಅರ್ಜಿ ಇಚಾರ ಅಂತ ಅಮ್ಮಾರ ಕೂಟೆ ಮಾತಾಡ್ತಿದ್ರು.”

ಪುಟ್ಟಮಾದಪ್ಪನ ಕೈಯ ಪೆನ್ನು ಕೆಂಪಾಜಮ್ಮನ ಹಿತ್ತಿಲ ಮೇಲೆ ಒಂದು ದೊಡ್ಡ ಶಾಯಿಬೊಟ್ಟು ಬಿಟ್ಟಿತು. ಇಷ್ಟು ವರ್ಷದಲ್ಲಿ ಅವನ ಕೈಯಿಂದ ಹಾಗಾದದ್ದು ಅದೇ ಮೊದಲು.

ಗಾಡಿಯಲ್ಲಿ ಕೂತ ಮೇಲೆ ಅವನಿಗೆ ತಾನು ಹೆದರಿಲ್ಲವೆಂದು ತಿಳಿದು ಆಶ್ಚರ್ಯವಾಯಿತು. ಬಾಯಿ ಒಣಗಿತ್ತು. ಆದರೆ ಅದು ಹೆದರಿಕೆಯಲ್ಲ, ಮದುವೆಯ ದಿನವೂ ಹೀಗೇ ಆಗಿತ್ತು. ಕೊನೆಗೂ ಗೊತ್ತಾಗಿದೆ. ಹದಿನೆಂಟು ವರ್ಷ. ವರ್ಷಕ್ಕೆ ಮೂರೋ ನಾಲ್ಕೋ ಅರ್ಜಿ, ಎಲ್ಲ, ಕೊಳ್ಳೇಗಾಲ ಆಗಿನ್ನೂ ಸೇರಿದ್ದ ಕೊಯಮತ್ತೂರು ಜಿಲ್ಲೆಯ ಕಲೆಕ್ಟರ್ ಸಾಹೇಬರಿಗೆ. ಅವನ ಬಲಗೈ ಬರಹವನ್ನು ತಾಲ್ಲೂಕಿನಲ್ಲಿ ಗುರುತು ಹಿಡಿಯದ ಗುಮಾಸ್ತನಿರಲಿಲ್ಲ. ಆದ್ದರಿಂದ ಎಡಗೈ. ಮೊದಲ ವರ್ಷ ಕಾಗೆಯ ಕಾಲಿನ ಗುರುತಿನಂತಿದ್ದ ಅಕ್ಷರ ಬರಬರುತ್ತ ತನ್ನದೇ ಒಂದು ಓರೆಯನ್ನು, ಒಂದು ಗತ್ತನ್ನು ಕಲಿತುಕೊಂಡಿತ್ತು. ಬಲಗೈ ಬರೆದದ್ದೆಲ್ಲ ಬೇರೆಯವರ ಮಾತು. ಇಂಥವನು ಇಂಥವನಿಗೆ ಬರೆದುಕೊಟ್ಟ ಕ್ರಯಪತ್ರ, ಭಾಗಪತ್ರ, ಮರಣಶಾಸನ. ಎಡಗೈಗೆ ಮಾತ್ರ ಹೇಳುವುದಿತ್ತು. ಅದು ಕೊನೆಯಲ್ಲಿ ‘ಇಂತಿ, ನೊಂದವರು’ ಎಂದು ಬರೆದು ಸುಮ್ಮನಾಗುತ್ತಿತ್ತು. ಹೆಸರಿಲ್ಲದ ಅರ್ಜಿಗೆ ಕಚೇರಿಯಲ್ಲಿ ಮೂಗರ್ಜಿ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಅವಮಾನವಾಗುತ್ತಿತ್ತು. ಮೂಗ! ಮುಳ್ಳೂರಿನಲ್ಲಿ ಆ ಮನುಷ್ಯನ ವಿರುದ್ಧ ಬಾಯಿ ಬಿಟ್ಟಿದ್ದವನು ಅವನೊಬ್ಬನೇ ಅಲ್ಲವೇ.

ಗಾಡಿ ಹೊಳೆ ಕಡೆಯ ಇಳಿಜಾರಿಗೆ ಬಂದಾಗ ಗಾಳಿ ಬದಲಾಯಿತು. ಹಸಿ ಮಣ್ಣಿನ ವಾಸನೆ. ಈ ವಾಸನೆ ಬಂದರೆ ಅವನಿಗೆ ಈಗಲೂ ಬೆತ್ತಲಾದಂತೆ ಅನ್ನಿಸುತ್ತಿತ್ತು. ಇಪ್ಪತ್ತನಾಲ್ಕನೇ ಇಸವಿಯ ಪ್ರವಾಹದಲ್ಲಿ ಕಾವೇರಿ ಊರೊಳಗೆ ನುಗ್ಗಿದಾಗ ಅವನಿಗೆ ಹತ್ತೊಂಬತ್ತು. ಹುಣಸೇ ಮರದ ಕೊಂಬೆಯನ್ನು ಎರಡು ಕೈಯಲ್ಲಿ ತಬ್ಬಿಕೊಂಡಿದ್ದ. ಉಟ್ಟ ಪಂಚೆಯನ್ನು ನೀರು ಬಿಚ್ಚಿಕೊಂಡು ಹೋಗಿತ್ತು. ರುದ್ರಸ್ವಾಮಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕಂದು ನೀರನ್ನು ಸೀಳಿಕೊಂಡು ಬಂದ. ಒಂದೇ ದಿನದಲ್ಲಿ ಹನ್ನೊಂದು ಜನರನ್ನು ದಡ ಸೇರಿಸಿದ. ಹನ್ನೊಂದನೆಯವನು ಪುಟ್ಟಮಾದಪ್ಪ. ಹಿಡಿದುಕೊಳ್ಳಲು ಮೈಮೇಲೆ ಬೇರೇನೂ ಇರಲಿಲ್ಲವಾಗಿ ಉಡಿದಾರಕ್ಕೆ ಕೈ ಹಾಕಿ, ನೀರಿಗೆ ಬಿದ್ದ ಕುರಿಮರಿಯನ್ನು ಎತ್ತುವಂತೆ ಎತ್ತಿದ್ದ. ಉಳಿದ ಹತ್ತು ಜನರ ಬಗ್ಗೆ ಹೇಳುವಾಗ ರುದ್ರಸ್ವಾಮಿಯ ಗಂಟಲು ಗದ್ಗದವಾಗುತ್ತಿತ್ತು; ಹನ್ನೊಂದನೆಯವನಿಗೆ ಬಂದಾಗ ನಗು. “ಇವನು ಅವ್ವಾ ಅವ್ವಾ ಅಂತ ಅಳ್ತಾವ್ನೆ, ನನ್ ಕೈಗೆ ಸಿಕ್ಕಿದ್ದು ಉಡ್ದಾರ ಮಾತ್ರ!” ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅವನ ಹೆಸರೇ ಉಡ್ದಾರ ಎಂದಾಯಿತು. ಪ್ರಾಣ ಕೊಟ್ಟವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದು ಅವನಿಗೆ ಬಹಳ ವರ್ಷ ತಿಳಿಯಲೇ ಇಲ್ಲ. ಆಮೇಲೊಮ್ಮೆ, ರುದ್ರಸ್ವಾಮಿ ಪ್ರೆಸಿಡೆಂಟ್ ಆದ ಸಂತೋಷಕ್ಕೆ ಊರೂಟ ಹಾಕಿಸಿದಾಗ, ಪಂಕ್ತಿಯಲ್ಲಿ ಪುಟ್ಟಮಾದಪ್ಪನ ಹೊಸ ಹೆಂಡತಿ ಬಸವಮ್ಮ ಕೂತಿದ್ದಳು. ಕಥೆ ಮತ್ತೆ ಬಂತು. ಬಸವಮ್ಮ ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಟ್ಟ ಹೆಂಗಸಲ್ಲ ಅವಳು. ಆರು ವರ್ಷ ಬಾಳಿ ತೀರಿಕೊಂಡಳು. ಅವಳ ಮುಖ ಈಗ ನೆನಪಿಗೆ ಬರುವುದು ಕಷ್ಟ, ಆ ನಗು ಮಾತ್ರ ಇದೆ. ಮಾರನೆಯ ದಿನ ಅವನು ಎಡಗೈಗೆ ಪೆನ್ನು ಕೊಟ್ಟ.

ಕೊಟ್ಟ ಮೇಲೆ ಬದುಕಿಗೆ ಒಂದು ಬೆನ್ನೆಲುಬು ಬಂತು. ಹನ್ನೊಂದು ಜನರಲ್ಲಿ ಒಬ್ಬನಾಗಿದ್ದವನು ಒಬ್ಬನೇ ಒಬ್ಬನಾದ. ರುದ್ರಸ್ವಾಮಿಯ ಮನೆಯ ದನ, ಅವನ ಗದ್ದೆಯ ತೂಬು, ಅವನು ಯಾರ ಜೊತೆ ನಿಂತು ಮಾತಾಡಿದ, ಯಾವ ಓಣಿಗೆ ಕಾಲಿಡಲಿಲ್ಲ, ಎಲ್ಲವೂ ಪುಟ್ಟಮಾದಪ್ಪನಿಗೆ ಬೇಕಾಯಿತು. ಒಮ್ಮೆ ಇನ್‌ಸ್ಪೆಕ್ಟರ್ ವಿಚಾರಣೆಗೆ ಬಂದು ಚಾವಡಿಯಲ್ಲಿ ಅರ್ಜಿಗಳನ್ನೆಲ್ಲ ಗಟ್ಟಿಯಾಗಿ ಓದಿಸಿದಾಗ, ಗುಂಪಿನ ಹಿಂದೆ ನಿಂತು ತನ್ನ ಮಾತುಗಳನ್ನು ಕೇಳುತ್ತ ಅವನಿಗೆ ರೋಮಾಂಚವಾಗಿತ್ತು. ಸಾಕ್ಷಿ ಹೇಳಲು ಕರೆದಾಗ ಎಲ್ಲರಂತೆ ಅವನೂ ಹೇಳಿದ: “ನಮ್ ಪ್ರೆಸಿಡೆಂಟ್ರು ದೇವ್ರಂಥೋರು ಸಾ.” ಹೇಳಿ ಮನೆಗೆ ಬಂದು ವಾಂತಿ ಮಾಡಿಕೊಂಡ. ಇವತ್ತು ಹಾಗಾಗುವುದಿಲ್ಲ. ಹೌದು, ನಾನೇ. ಏನೀಗ? ಗಾಡಿಯ ಕುಲುಕಾಟಕ್ಕೆ ಸರಿಯಾಗಿ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡ. ಹೌದು, ನಾನೇ. ಏನೀಗ? ಆ ಮನುಷ್ಯ ಎದ್ದು ನಿಂತು ಕಪಾಳಕ್ಕೆ ಹೊಡೆಯಬಹುದು. ಹೊಡೆಯಲಿ. ಕುರಿಮರಿಗೆ ಯಾರೂ ಕಪಾಳಕ್ಕೆ ಹೊಡೆಯುವುದಿಲ್ಲ.

ರುದ್ರಸ್ವಾಮಿ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಅರುವತ್ತಾದರೂ ಭುಜ ಇಳಿದಿರಲಿಲ್ಲ. ಮುಖವನ್ನು ಸ್ವಲ್ಪ ಮೇಲೆತ್ತಿ, ಬರುತ್ತಿದ್ದವನ ಪಕ್ಕಕ್ಕೆಲ್ಲೋ ನೋಡುತ್ತ, “ಪುಟ್ಮಾದನಾ? ಬಾಪ್ಪ ಬಾ. ಚನ್ನಾಜಮ್ಮಾ, ಉಡ್ದಾರ ಬಂದವ್ನೆ, ಮಜ್ಜಿಗೆ ತಕಂಡು ಬಾ” ಎಂದ. ಒಳಗಿನಿಂದ ಅವನ ಹೆಂಡತಿ ನಕ್ಕದ್ದು ಕೇಳಿಸಿತು.

ಪುಟ್ಟಮಾದಪ್ಪ ಜಗಲಿಯ ಅಂಚಿಗೆ ಕೂತ. ಮಜ್ಜಿಗೆ ಬಂತು. ಕುಡಿದರೆ ತಾನು ಸೋತಂತೆ ಎನಿಸಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡ.

“ಎಲ್ಡು ತಿಂಗ್ಳಾಯ್ತು ಕಣ್ಲಾ, ನನ್ ಮ್ಯಾಲೆ ಒಂದು ಮೂಗರ್ಜಿ ಇಲ್ಲ” ಎಂದ ರುದ್ರಸ್ವಾಮಿ. “ಮೊನ್ನೆ ತಾಲ್ಲೂಕು ಕಚೇರೀಲಿ ಕೇಳ್ದೆ, ಏನಪ್ಪ, ಕೊಯಮತ್ತೂರಿಂದ ನನ್ ಕಾಗ್ದ ಏನಾರು ಬಂತಾ ಅಂತ. ಇಲ್ಲ ಸಾ ಅಂದ. ಅಲ್ಲೇ ನಿಂತಿದ್ದಂಗೇ ನಂಗೆ ಒಳೀತು, ಅರ್ಜಿ ಬರೀತಿದ್ದೋನು ಯಾರು ಅಂತ.”

ಪುಟ್ಟಮಾದಪ್ಪ ಲೋಟವನ್ನು ಕೆಳಗಿಟ್ಟ.

“ಯಾರು?”

“ಮೇಷ್ಟ್ರು.”

“ಯಾವ ಮೇಷ್ಟ್ರು?”

“ಶಿವನಂಜಯ್ಯ ಮೇಷ್ಟ್ರು ಕಣೋ. ಅವರು ತೀರ್ಕಂಡೂ ಎಲ್ಡು ತಿಂಗ್ಳು, ಅರ್ಜಿ ನಿಂತೂ ಎಲ್ಡು ತಿಂಗ್ಳು. ಇನ್ನೇನು ಬೇಕು?”

ಶಿವನಂಜಯ್ಯ! ಪುಟ್ಟಮಾದಪ್ಪನ ಕಣ್ಣೆದುರು ಆ ಮುದುಕ ಬಂದು ನಿಂತ. ಕೆಮ್ಮು ಬಂದರೆ ಅಕ್ಕಪಕ್ಕದವರ ಅಪ್ಪಣೆ ಕೇಳುವವನಂತೆ ನೋಡುತ್ತಿದ್ದವನು, ಹುಡುಗರಿಗೆ ಬೆತ್ತ ತೋರಿಸಲೂ ಅಂಜುತ್ತಿದ್ದವನು, ಮುಳ್ಳೂರಿನ ಸ್ಕೂಲಿನಲ್ಲಿ ಮೂವತ್ತು ವರ್ಷ ಒಂದೇ ಕೋಟು ಹಾಕಿದವನು. ಅವನಿಗೆ ಹಗೆ ಸಾಧಿಸುವ ಯೋಗ್ಯತೆ ಎಲ್ಲಿತ್ತು?

“ಎಂಥ ಗಂಡಸು ಅಂತೀಯ!” ರುದ್ರಸ್ವಾಮಿಯ ದನಿ ಮೆತ್ತಗಾಯಿತು. “ಎದುರಿಗೆ ಕೈಮುಗಿಯೋನು, ಒಳಗೊಳಗೆ ಹದ್ನೆಂಟು ವರ್ಸ ನನ್ನ ಬುಡ್ಲಿಲ್ಲ. ಅವರ ಮಣ್ ಮಾಡಿದ ಗದ್ದುಗೆ ತಾವ ಓಗಿ ಇಬೂತಿ ಇಟ್ಟು ಕೈಮುಗ್ದು ಬಂದೆ. ಕೇರಿಗೆ ಬಾವಿ ತೋಡ್ಸಿದ್ದು ನಾನು ಅಂತಾರೆ ಜನ. ನಾನಲ್ಲ, ಆ ಮೇಷ್ಟ್ರು. ಬರ್ದಿದ್ನಲ್ಲ ಒಂದ್ಸಲ, ‘ಪ್ರೆಸಿಡೆಂಟರ ಕಣ್ಣು ಹೊಳೆಯ ಆಚೆ ದಡದವರೆಗೆ ಕಾಣುತ್ತದೆ, ಕೇರಿಯವರೆಗೆ ಕಾಣುವುದಿಲ್ಲ’ ಅಂತ. ಮೂರು ದಿಸ ನಂಗೆ ಅನ್ನ ಸೇರ್ನಿಲ್ಲ ಕಣ್ಲಾ.”

ಆ ವಾಕ್ಯ ಬರೆದ ಮಧ್ಯಾಹ್ನ ಪುಟ್ಟಮಾದಪ್ಪನಿಗೆ ಚೆನ್ನಾಗಿ ನೆನಪಿತ್ತು. ಬಾಗಿಲ ಸಂದಿಯ ಬಿಸಿಲು ಕಾಗದದ ಮೇಲೆ ಗೆರೆ ಎಳೆದಂತೆ ಬಿದ್ದಿತ್ತು. ‘ಹೊಳೆಯ ಆಚೆ ದಡ’ ಎಂಬ ಮಾತು ಸಿಗಲು ಒಂದು ಗಂಟೆ ಹಿಡಿದಿತ್ತು. ಅದು ಇಲ್ಲಿಗೆ ತಲುಪಿದೆ, ಈ ಎದೆಯೊಳಗೆ ಹೊಕ್ಕು ಮೂರು ದಿನ ಅನ್ನ ಬಿಡಿಸಿದೆ, ಬಾಯಿಪಾಠವಾಗಿ ಉಳಿದಿದೆ. ಒಂದು ಕ್ಷಣ ಮೈಯೆಲ್ಲ ಬೆಚ್ಚಗಾಯಿತು. ಮರುಕ್ಷಣ ಆ ಬಿಸುಪೆಲ್ಲ ಹರಿದು ಹೋಗಿ, ಮೂವತ್ತು ವರ್ಷ ಒಂದೇ ಕೋಟು ಹಾಕಿದವನ ಗದ್ದುಗೆ ಸೇರಿತು. ಸತ್ತವನ ಮೇಲೆ ಹೊಟ್ಟೆಕಿಚ್ಚಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಈಗ ಯಾರಿಗೆ ಎದರ್ಕಂಡು ಕೆಲ್ಸ ಮಾಡ್ಲಿ?” ರುದ್ರಸ್ವಾಮಿ ಮುಂದುವರಿಸಿದ. “ಏನಂದ್ರೂ ಊರೆಲ್ಲ ಊಂ ಅಂತದೆ. ಬೆಳಿಗ್ಗೆ ಎದ್ರೆ ಬಾಯಿಗೆ ಉಪ್ಪಿಲ್ದಂಗೆ ಆಯ್ತದೆ. ಕಣ್ಣಿಗೂ ಪೊರೆ ಬಂದದೆ, ಕಾಮಗೆರೆ ಆಸ್ಪತ್ರೇಲಿ ತೋರ್ಸ್ದೆ, ಇನ್ನೂ ಬಲೀಲಿ ಅಂದ್ರು. ಕಣ್ಣು ನೆಪ ಅಂತಿಟ್ಕೊ. ರಾಜೀನಾಮೆ ಬರ್ದುಕೊಡು. ನಿನ್ನಕ್ಸರ ಚಂದ.”

ಈ ರಾಜೀನಾಮೆಗಾಗಿಯೇ ಹದಿನೆಂಟು ವರ್ಷ ಅರ್ಜಿ ಬರೆದದ್ದು. ‘ಆದ್ದರಿಂದ ಸದರಿಯವರನ್ನು ಹುದ್ದೆಯಿಂದ ತೆಗೆದುಹಾಕಬೇಕಾಗಿ ಪ್ರಾರ್ಥನೆ.’ ಪ್ರತಿ ಅರ್ಜಿಯೂ ಹಾಗೇ ಮುಗಿಯುತ್ತಿತ್ತು. ಈಗ ಅದು ತಾನಾಗಿಯೇ ಕೈಗೆ ಬಂದಾಗ ಪುಟ್ಟಮಾದಪ್ಪನಿಗೆ ಕಂಡದ್ದು ಗೆಲುವಲ್ಲ. ಕಂಡದ್ದು ಭಾನುವಾರಗಳು. ಬಾಗಿಲು ಹಾಕಿದ ಕೋಣೆ, ಒಣಗಿದ ಶಾಯಿ, ಬರೆಯಲು ಯಾರೂ ಇಲ್ಲದ ಮಧ್ಯಾಹ್ನಗಳು ಒಂದರ ಹಿಂದೆ ಒಂದು. ಈ ಮನುಷ್ಯ ಜಗಲಿಯಲ್ಲಿ ಕೂತ ಬರೀ ಮುದುಕನಾಗಿಬಿಟ್ಟರೆ ತಾನು ಏನು?

“ಬ್ಯಾಡಿ ಅಣ್ಣ” ಎಂದ. ದನಿ ಬೇಡಿಕೊಂಡಂತೆ ಬಂತು. “ಬುಡಬ್ಯಾಡಿ.”

“ಯಾಕ್ಲಾ?”

“ಆ ಅರ್ಜಿ ಬರ್ದೋನು ಮೇಷ್ಟ್ರಲ್ಲ. ನಾನು.”

ದಾರಿಯುದ್ದಕ್ಕೂ ಕಾಪಾಡಿಕೊಂಡು ಬಂದ ‘ಏನೀಗ’ ಎಲ್ಲಿ ಉದುರಿಹೋಯಿತೋ. ಹಟ್ಟಿಯ ಕಡೆ ಒಂದು ಎಮ್ಮೆ ಕೂಗಿತು. ರುದ್ರಸ್ವಾಮಿಯ ಮುಖ ನಿಧಾನವಾಗಿ ಅಗಲವಾಯಿತು. ನಗುತ್ತಾನೆಂದು ಪುಟ್ಟಮಾದಪ್ಪ ಹಲ್ಲು ಕಚ್ಚಿಕೊಂಡ. ನಗಲಿಲ್ಲ; ಮಂಜುಗಟ್ಟಿದ ಕಣ್ಣುಗಳಲ್ಲಿ ನೀರು ತುಂಬಿಕೊಂಡಿತು.

“ಚನ್ನಾಜಮ್ಮಾ, ಇಲ್ಲಿ ಬಾ. ಕೇಳು ಇವನ ಮಾತ. ನಾನು ಕುರ್ಚಿ ಬುಡಬಾರ್ದು ಅಂತ ಸತ್ತೋನ ತಪ್ಪ ತನ್ ತಲೆ ಮ್ಯಾಲೆ ಆಕ್ಕತಾವ್ನೆ!”

“ಸುಳ್ಳಲ್ಲ ಅಣ್ಣ! ಎಡಗೈಲಿ ಬರೀತಿದ್ದೆ. ಎಲ್ಡು ತಿಂಗ್ಳಿಂದ ಉಗುರ್ಸುತ್ತಾಗಿತ್ತು, ಅದ್ಕೇ ನಿಂತಿತ್ತು.”

“ಉಗುರ್ಸುತ್ತಾ!” ರುದ್ರಸ್ವಾಮಿಗೆ ಈಗ ನಗು ತಡೆಯಲಾಗಲಿಲ್ಲ. “ಕಲೆಕ್ಟರ್ ಕಚೇರೀನೇ ಅಲ್ಲಾಡ್ಸಿದ ಅರ್ಜಿ ಉಗುರ್ಸುತ್ತಿಗೆ ನಿಂತೋಯ್ತಾ? ಸುಳ್ಳೇಳೋಕೂ ಬರಲ್ಲವಲ್ಲೋ ನಿಂಗೆ.”

“ಏನ್ ಬರ್ದಿದ್ದೆ ಅಂತ ಏಳ್ಲಾ? ಒಂದೊಂದೂ ಏಳ್ತೀನಿ.”

“ಚಾವಡೀಲಿ ಓದ್ಸಿದ್ದು ಊರಿಗೇ ಬಾಯಿಪಾಠ ಕಣಪ್ಪ. ನಮ್ ದೊಡ್ಮಾದನೂ ಏಳ್ತಾನೆ.”

ಪುಟ್ಟಮಾದಪ್ಪ ಕಾಗದ ಎಳೆದುಕೊಂಡು ಎಡಗೈಯಲ್ಲಿ ಗೀಚಿದ: ಕಲೆಕ್ಟರ್ ಸಾಹೇಬರ ಸಮ್ಮುಖಕ್ಕೆ, ಮುಳ್ಳೂರಿನ ನೊಂದವರು ಮಾಡುವ ಅರಿಕೆ. ಓರೆಯಾಗಿ, ಗತ್ತಾಗಿ, ತನ್ನದೇ ಅಕ್ಷರ. “ನೋಡಿ, ಇದ ನೋಡಿ” ಎಂದು ಮುಂದೆ ಹಿಡಿದ. ರುದ್ರಸ್ವಾಮಿ ಹಾಳೆಯನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. “ಬೆಳ್ಳಗೆ ಕಾಣ್ತದೆ” ಎಂದ. “ಮಂಜು ಬಿದ್ದಂಗೆ. ನೀ ಏನ್ ಬರುದ್ರೂ ಒಂದೇ ನಂಗೆ.”

ಚನ್ನಾಜಮ್ಮನಿಗೆ ಓದು ಬರುತ್ತಿರಲಿಲ್ಲ. ಅವಳು ಬಾಗಿಲ ಬಳಿ ನಿಂತು, “ಪಾಪ, ಪ್ರಾಣ ಉಳಿಸ್ದೋರು ಅಂತ ಅವನ್ಗೆ ನಿಮ್ ಮ್ಯಾಲೆ ಅಷ್ಟು ಇದು” ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಈ ಹೆಂಗಸು ಇದನ್ನು ಊರಿಗೆಲ್ಲ ಹೇಳುತ್ತಾಳೆ, ಪುಟ್ಟಮಾದಪ್ಪನಿಗೆ ಸ್ಪಷ್ಟವಾಯಿತು. ಪ್ರವಾಹದ ಕಥೆಗೆ ಒಂದು ಬಾಲ ಸೇರುತ್ತದೆ. ಉಡಿದಾರ ಹಿಡಿದು ಎತ್ತಿದವನಿಗಾಗಿ ಇವನು ಸುಳ್ಳು ಕಳಂಕ ಹೊತ್ತನಂತೆ. ಈ ಸಲ ಜನ ನಗುವುದಿಲ್ಲ, ಅಯ್ಯೋ ಎನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು.

“ಬರಿ” ಎಂದ ರುದ್ರಸ್ವಾಮಿ. “ಕಣ್ ಕಾಣಲ್ಲ, ವಯಸ್ಸಾಯ್ತು, ಬುಟ್ಟೆ ಅಂತ ಬರಿ.”

ಪುಟ್ಟಮಾದಪ್ಪ ಹೊಸ ಹಾಳೆ ತೆಗೆದ. ಬಲಗೈಗೆ ಪೆನ್ನು ಬದಲಿಸಿದ. ಬೇಗ ಬೇಗ, ಒಂದೂ ಚಿತ್ತಿಲ್ಲದೆ ಬರೆದ. ‘ಮುಳ್ಳೂರು ಪಂಚಾಯ್ತಿ ಪ್ರೆಸಿಡೆಂಟ್ ರುದ್ರಸ್ವಾಮಿ ಮಾಡುವ ಅರಿಕೆ. ಸದರಿ ಗ್ರಾಮದವನೂ ಕೊಳ್ಳೇಗಾಲದಲ್ಲಿ ಪತ್ರ ಬರೆಯುವ ಕಸುಬಿನವನೂ ಆದ ಪುಟ್ಟಮಾದಪ್ಪ ಎಂಬುವನು ಹದಿನೆಂಟು ವರ್ಷಗಳಿಂದ ಹೆಸರಿಲ್ಲದ ಅರ್ಜಿಗಳನ್ನು ಬರೆದು ನನ್ನ ಮೇಲೆ ಹಗೆ ಸಾಧಿಸುತ್ತ ಬಂದಿರುತ್ತಾನೆ. ಮೃತ ಶಿವನಂಜಯ್ಯ ಮೇಷ್ಟರಿಗೂ ಇದಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಪುಟ್ಟಮಾದಪ್ಪನಷ್ಟು ಹಟದ ವೈರಿ ನನಗೆ ಈ ತಾಲ್ಲೂಕಿನಲ್ಲಿ ಬೇರೆ ಯಾರೂ ಇಲ್ಲ. ಅವನನ್ನು ನನ್ನ ಎದುರಿಗೆ ನಿಲ್ಲಿಸಿ ವಿಚಾರಣೆ ನಡೆಸಬೇಕಾಗಿಯೂ, ಅಲ್ಲಿಯವರೆಗೆ ನಾನು ಹುದ್ದೆಯನ್ನು ಬಿಡತಕ್ಕವನಲ್ಲವೆಂತಲೂ ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.’ ಬರೆಯುತ್ತ ಬರೆಯುತ್ತ ಬಲಗೈ ಮೊದಲ ಸಲ ಬೆವರಿತು.

“ಓದು, ನೋಡಣ.”

ಹಾಳೆಯ ಮೇಲೆ ಕಣ್ಣು ಓಡಿಸುತ್ತ ಪುಟ್ಟಮಾದಪ್ಪ ಓದಿದ: “ದೃಷ್ಟಿ ಮಂದವಾಗಿರುವ ಕಾರಣದಿಂದಲೂ, ವಯೋಧರ್ಮದಿಂದಲೂ, ನಾನು ಸದರಿ ಹುದ್ದೆಗೆ ರಾಜೀನಾಮೆ ಸಲ್ಲಿಸಿರುತ್ತೇನೆ.”

“ಅಷ್ಟೇನಾ? ಬರೆಯೋವಾಗ ಬಾಳ ಹೊತ್ತಾಯ್ತಲ್ಲ.”

“ಸರ್ಕಾರದ ಕಾಗ್ದ ಅಣ್ಣ. ಮರ್ಯಾದೆ ಮಾತು ಜಾಸ್ತಿ.”

ರುಜು ಹಾಕುವ ಜಾಗಕ್ಕೆ ರುದ್ರಸ್ವಾಮಿಯ ಕೈಯನ್ನು ಅವನೇ ಹಿಡಿದು ತಂದ. ಅಗಲವಾದ, ಒರಟು ಕೈ. ಪ್ರವಾಹದ ನೀರಿನಲ್ಲಿ ಸೊಂಟದ ಹತ್ತಿರ ತಾಕಿದ ಆ ಬೆರಳುಗಳ ಬಿಸಿ ಇನ್ನೂ ಹಾಗೇ ಇತ್ತು. ಆಗ ಅವನು ಆ ಕೈಗೆ ಎಷ್ಟು ಗಟ್ಟಿಯಾಗಿ ಜೋತುಬಿದ್ದಿದ್ದ. ರುದ್ರಸ್ವಾಮಿ ಸ್ಲೇಟಿನ ಮೇಲೆ ತಿದ್ದುವವನಂತೆ ನಿಧಾನವಾಗಿ ಹೆಸರು ಬರೆದ. ಬರೆದಾದ ಮೇಲೂ ಪುಟ್ಟಮಾದಪ್ಪನ ಕೈ ಬಿಡದೆ, “ನಿನ್ನಂಥೋನು ಒಬ್ಬ ಅವ್ನಲ್ಲ, ಸಾಕು ಕಣಪ್ಪ” ಎಂದ. ಪುಟ್ಟಮಾದಪ್ಪ ಬಲವಾಗಿಯೇ ಕೈ ಬಿಡಿಸಿಕೊಳ್ಳಬೇಕಾಯಿತು.

ದೊಡ್ಡಮಾದಯ್ಯ ಕೊಳ್ಳೇಗಾಲದ ಅಂಚೆ ಕಚೇರಿಯ ಮುಂದೆಯೇ ಇಳಿಸಿ ಹೋದ. ನಾಲ್ಕು ಗಂಟೆಯಾಗುತ್ತ ಬಂದಿತ್ತು. ಇದುವರೆಗೆ ಅವನು ಲಕೋಟೆಗಳನ್ನು ಗೋಡೆಗೆ ನೇತುಹಾಕಿದ ಕೆಂಪು ಪೆಟ್ಟಿಗೆಗೆ, ಅಕ್ಕಪಕ್ಕ ನೋಡಿ, ಜಾರಿಸಿ ನಡೆದುಬಿಡುತ್ತಿದ್ದ. ಇವತ್ತು ಒಳಗೆ ಹೋಗಿ ಸಾಲಿನಲ್ಲಿ ನಿಂತ. ಕಲೆಕ್ಟರ್ ಓದುತ್ತಾರೆ. ಇಲ್ಲವೇ ಅವರ ಕೈಕೆಳಗಿನವರು ಓದುತ್ತಾರೆ. ಪ್ರೆಸಿಡೆಂಟೇ ರುಜು ಹಾಕಿದ ಕಾಗದವನ್ನು ಮೂಗರ್ಜಿಯ ಕಂತೆಗೆ ಎಸೆಯಲಾ­ಗುವುದಿಲ್ಲ. ವಿಚಾರಣೆ ಬಂದೇ ಬರುತ್ತದೆ. ಚಾವಡಿಯಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತಾರೆ. ಮೋಸ ಮಾಡಿ ರುಜು ಹಾಕಿಸಿಕೊಂಡ ತಪ್ಪಿಗೆ ಕೆಲಸ ಹೋಗಬಹುದು, ಜೈಲೂ ಆಗಬಹುದು. ಆದರೆ ಅಂದು ರುದ್ರಸ್ವಾಮಿ ಆ ಮಂಜುಗಣ್ಣನ್ನು ತನ್ನ ಕಡೆ ತಿರುಗಿಸಿ ಛೀ ಎನ್ನಲೇಬೇಕು.

ಕಿಟಕಿಯಾಚೆಯ ಗುಮಾಸ್ತ ಈರೋಡಿನ ಕಡೆಯವನು, ಬಂದು ಮೂರು ತಿಂಗಳಾಗಿತ್ತು.

“ರಿಜಿಸ್ಟರಾ?”

“ಹೌದು ಸಾ.”

“ಅನುಪ್ಪುರವರು ಯಾರು? ಕಳಿಸೋರು?”

“ರುದ್ರಸ್ವಾಮಿ, ಪಂಚಾಯ್ತಿ ಪ್ರೆಸಿಡೆಂಟ್, ಮುಳ್ಳೂರು.”

“ನೀವು ತಾನೇ ರುದ್ರಸ್ವಾಮಿ?”

“ಅಲ್ಲ ಸಾ. ನಾನು ಒಳಗಿವ್ನಿ.”

“ಒಳಗೆಯಾ? ಯಾವ ಒಳಗೆ?”

ಪುಟ್ಟಮಾದಪ್ಪ ಲಕೋಟೆಯ ಕಡೆ ಬೆರಳು ತೋರಿಸಿದ. ಗುಮಾಸ್ತ ಕನ್ನಡಕದ ಮೇಲಿನಿಂದ ಅವನನ್ನೊಮ್ಮೆ ನೋಡಿ, ಸಾಲಿನಲ್ಲಿ ಹಿಂದೆ ನಿಂತವನ ಕಡೆ ಹುಬ್ಬು ಹಾರಿಸಿದ. ಹಿಂದಿನವನು ಕಿಸಕ್ಕೆಂದ. ಮೊಹರು ಎರಡು ಸಲ ಬಿತ್ತು.

“ಸರಿ, ಸರಿ. ಮುಂದೆ.”

ಅವನು ಬಾಗಿಲ ಬೆಳಕಿಗೆ ಬಂದು ರಸೀದಿಯನ್ನು ಓದಿದ. ಕಳಿಸಿದವರು ರುದ್ರಸ್ವಾಮಿ. ಸೇರಬೇಕಾದವರು ಕಲೆಕ್ಟರ್, ಕೊಯಮತ್ತೂರು. ತನ್ನ ಹೆಸರೆಲ್ಲಾದರೂ ಇದೆಯೇ ಎಂದು ತಿರುಗಿಸಿ ನೋಡಿದ. ಹಿಂಬದಿ ಖಾಲಿಯಿತ್ತು.